ಬೆಕ್ಕು ಹಕ್ಕಿ ಹಿಡಿದು ತಂದಿತು, ನನಗೇಕೆ ಇಷ್ಟು ಸಂಕಟ?

ಪ್ರಶ್ನೆ: ನಮ್ಮ ಬೆಕ್ಕು ಬೆಳ್ಳಿಗೆ ಮೂರು ವರ್ಷ. ಹೋದ ವಾರ ಬೆಳಿಗ್ಗೆ ಒಂದು ಹಕ್ಕಿಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ಬಂತು. ಮರಿ ಇನ್ನೂ ಬದುಕಿತ್ತು. ನಾನು ಕಿರುಚಿದೆ, ಬೆಳ್ಳಿಗೆ ಎರಡೇಟು ಹಾಕಿ ಬಿಡಿಸಿದೆ. ಗಾಯ ಏನೂ ಕಾಣಲಿಲ್ಲ. ನೀರು ಕುಡಿಸಿ ಬುಟ್ಟಿಯಲ್ಲಿ ಮಲಗಿಸಿದೆ. ಮಾರನೇ ದಿನ ನೋಡಿದರೆ ಸತ್ತಿತ್ತು. ಅವತ್ತಿನಿಂದ ಬೆಳ್ಳಿ ತೊಡೆ ಮೇಲೆ ಬಂದರೆ ಮೈ ಜುಮ್ಮೆನ್ನುತ್ತದೆ, ತಳ್ಳಿಬಿಡುತ್ತೇನೆ. ಆಮೇಲೆ ಪಾಪ ಅನ್ನಿಸುತ್ತದೆ. "ಒಂದು ಹಕ್ಕಿಗೆ ಇಷ್ಟೊಂದು ಅಳೋದಾ" ಅಂತ ಮನೆಯವರು ನಗುತ್ತಾರೆ. ಕೆಲಸದ ನಡುವೆ ಯಾರಾದರೂ ಸಣ್ಣ ಮಾತು ಆಡಿದರೂ ಕಣ್ಣು ತುಂಬುತ್ತದೆ. ಎಂಟು ವರ್ಷದ ಮಗಳು ಬೇರೆ ಎಲ್ಲವನ್ನೂ ನೋಡಿದ್ದಾಳೆ. ನಾನು ಅತಿ ಮಾಡ್ತಿದ್ದೀನಾ? ಬೆಳ್ಳಿಯನ್ನು ಯಾರಿಗಾದರೂ ಕೊಟ್ಟುಬಿಡಲಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬೆಳ್ಳಿಯನ್ನು ಈಗಲೇ ಕೊಡಬೇಡಿ. ಮನಸ್ಸು ಇಷ್ಟು ಕದಡಿರುವಾಗ ಮಾಡುವ ತೀರ್ಮಾನ, ಹೆಚ್ಚಿನ ಸಲ ಆ ಹೊತ್ತಿನ ಸಂಕಟದಿಂದ ತಪ್ಪಿಸಿಕೊಳ್ಳುವ ದಾರಿ ಮಾತ್ರ ಆಗಿರುತ್ತದೆ. ಒಂದು ತಿಂಗಳು ಹೋಗಲಿ. ಆಗಲೂ ಹಾಗೇ ಅನ್ನಿಸಿದರೆ, ಬೆಕ್ಕನ್ನು ಮನೆಯೊಳಗೇ ಇಟ್ಟು ಸಾಕುವವರು ಯಾರಾದರೂ ಇದ್ದಾರಾ ನೋಡಿ ಕೊಡಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಷ್ಟು ದೂರ ಹೋಗಬೇಕಾಗಿ ಬರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಇನ್ನು "ಅತಿ ಮಾಡ್ತಿದ್ದೀನಾ" ಅನ್ನುವುದು. ಮನೆಯವರು ನಗದೇ ಇದ್ದಿದ್ದರೆ ಈ ಪ್ರಶ್ನೆ ನಿಮಗೆ ಹುಟ್ಟುತ್ತಲೇ ಇರಲಿಲ್ಲವೇನೋ. ನೀವು ಉಳಿಸಲು ನೋಡಿದ ಜೀವ ನಿಮ್ಮ ಮನೆಯಲ್ಲೇ ಸತ್ತಿತು. ಅಳು ಬಂತು. ಇದರಲ್ಲಿ ವಿಚಿತ್ರ ಏನಿದೆ? ಆಪ್ತಸಮಾಲೋಚನೆಯಲ್ಲಿ ನಾನು ಕಂಡಿರುವ ಹಾಗೆ, ಜನ ದೊಡ್ಡ ದುಃಖಕ್ಕಿಂತ ಇಂಥ ಸಣ್ಣ ದುಃಖ ಹೇಳಿಕೊಳ್ಳಲು ಜಾಸ್ತಿ ನಾಚುತ್ತಾರೆ. ದೊಡ್ಡ ಸಾವಾದರೆ ನಾಲ್ಕು ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ಹಕ್ಕಿಮರಿ ಸತ್ತರೆ ಯಾರು ಬರುತ್ತಾರೆ? ಹಾಗಾಗಿ ಅದು ಒಳಗೇ ಉಳಿದು, ಆಫೀಸಿನಲ್ಲಿ ಯಾರೋ ಏನೋ ಅಂದಾಗ ಹೊರಗೆ ಬರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ಒಂದೇ ಭಾವನೆ ಅಲ್ಲ. ಮರಿಯ ಬಗ್ಗೆ ದುಃಖ ಇದೆ. ಬೆಳ್ಳಿಯ ಮೇಲೆ ಸಿಟ್ಟು ಇದೆ, ಸ್ವಲ್ಪ ಅಸಹ್ಯವೂ ಇದೆ. ಹೊಡೆದದ್ದಕ್ಕೆ, ಮರಿಯನ್ನು ಉಳಿಸಲು ಆಗದ್ದಕ್ಕೆ ತಪ್ಪಿತಸ್ಥ ಭಾವ ಇದೆ. ಜೊತೆಗೆ ಮನೆಯವರ ನಗುವಿನಿಂದ ಆದ ಅವಮಾನ. ನಾಲ್ಕೂ ಒಟ್ಟಿಗೆ ಸೇರಿಕೊಂಡಿವೆ. ನೀವು ಅದನ್ನೆಲ್ಲ ಸೇರಿಸಿ "ಸಂಕಟ" ಅಂತ ಒಂದೇ ಗಂಟು ಮಾಡಿ ಹೊತ್ತುಕೊಂಡಿದ್ದೀರಿ. ಗಂಟು ಬಿಚ್ಚಿದರೆ ಒಂದೊಂದಕ್ಕೂ ಬೇಕಾದದ್ದು ಬೇರೆ ಬೇರೆ. ದುಃಖಕ್ಕೆ ಸಮಯ ಬೇಕು. ಅಸಹ್ಯ ತಾನಾಗೇ ಇಳಿಯುತ್ತದೆ, ಒತ್ತಾಯ ಮಾಡಬಾರದು ಅಷ್ಟೇ. ಅವಮಾನಕ್ಕೆ ಮನೆಯವರ ಜೊತೆ ಒಂದು ಮಾತು ಬೇಕು. ತಪ್ಪಿತಸ್ಥ ಭಾವಕ್ಕೆ ಮಾತ್ರ ಕೆಲಸ ಬೇಕು. ಕೈಗೆ ಕೆಲಸ ಕೊಡದಿದ್ದರೆ ಅದು ಸುಮ್ಮನೆ ಸುತ್ತುತ್ತಲೇ ಇರುತ್ತದೆ.

ಹೆಸರಿಟ್ಟು ಬಿಡಿಸಿ ನೋಡುವುದು ಬರೀ ಸಮಾಧಾನದ ಮಾತಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ಮತ್ತು ಜೊತೆಗಾರರು ಜನರಿಗೆ ಸಿಟ್ಟಿನ, ಹೆದರಿಕೆಯ ಮುಖಗಳ ಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಭಾವನೆಗೆ ಒಂದು ಪದ ಆರಿಸಿ ಹೇಳಿದಾಗ, ಮೆದುಳಿನಲ್ಲಿ ಗಾಬರಿಗೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಕಡಿಮೆಯಾಯಿತು. ಆದ್ದರಿಂದ ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ಯಾರ ಮೇಲೆ ಏನು ಅನ್ನಿಸುತ್ತಿದೆ ಅಂತ ಬರೆಯಿರಿ. ಚೆನ್ನಾಗಿ ಬರೆಯಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. "ಬೆಳ್ಳಿಯನ್ನು ಕಂಡರೆ ಆಗ್ತಿಲ್ಲ" ಅಂತಲೂ ಬರೆಯಿರಿ. ಪ್ರೀತಿಯ ಬೆಕ್ಕಿನ ಬಗ್ಗೆ ಹಾಗೆ ಬರೆಯಬಹುದಾ ಅಂತ ಕೈ ತಡೆಯುತ್ತದೆ. ಬರೆಯಿರಿ.

ಈಗ ಬೆಳ್ಳಿಯ ವಿಷಯ. ಹೊಟ್ಟೆ ತುಂಬ ತಿನ್ನಿಸಿದರೂ ಇದ್ಯಾಕೆ ಹೀಗೆ ಮಾಡಿತು ಅನ್ನುವುದು ಬೆಕ್ಕು ಸಾಕಿದ ಎಲ್ಲರ ಪ್ರಶ್ನೆ. ಬೆಕ್ಕಿನಲ್ಲಿ ಹಸಿವು ಮತ್ತು ಬೇಟೆ ಪೂರ್ತಿ ಅಂಟಿಕೊಂಡಿಲ್ಲ. ರಾಬರ್ಟ್ ಅಡಮೆಕ್ ಎಂಬ ಸಂಶೋಧಕ 1976ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಬೆಕ್ಕುಗಳು ತಮಗೆ ಇಷ್ಟದ ಊಟ ಮಾಡುತ್ತಿದ್ದಾಗ ಪಕ್ಕದಲ್ಲಿ ಜೀವಂತ ಇಲಿ ಬಿಟ್ಟರು. ಬೆಕ್ಕುಗಳು ಊಟ ಬಿಟ್ಟು ಎದ್ದವು. ಇಲಿಯನ್ನು ಕೊಂದವು, ತಂದು ಬಟ್ಟಲ ಪಕ್ಕ ಹಾಕಿದವು, ಮತ್ತೆ ಅದೇ ಊಟಕ್ಕೆ ಬಾಯಿ ಹಾಕಿದವು! ಬೇಟೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಹಸಿವಾದ ಮೇಲೆ ಹುಡುಕುತ್ತೇನೆ ಅಂತ ಕಾದ ಪ್ರಾಣಿಗೆ ಉಪವಾಸವೇ ಗತಿ. ಕಣ್ಣೆದುರು ಅಲುಗಿದ್ದನ್ನು ಹಿಡಿ ಅನ್ನುವುದು ಅದರ ಮೈಯಲ್ಲೇ ಇದೆ.

ಹಿಡಿದದ್ದನ್ನು ಬಿಟ್ಟು, ಮತ್ತೆ ಹಿಡಿದು ಆಡುವುದನ್ನು ನೋಡಿದಾಗಲಂತೂ ಕ್ರೌರ್ಯ ಅನ್ನಿಸುತ್ತದೆ. ಅದಕ್ಕೂ ಕಾರಣ ಇದೆ. ಬೇಟೆ ತಿರುಗಿ ಕಚ್ಚಬಹುದು, ಕೊಕ್ಕಿನಿಂದ ಕಣ್ಣಿಗೆ ಕುಕ್ಕಬಹುದು. ಸುಸ್ತು ಮಾಡಿಸಿ ಆಮೇಲೆ ಕುತ್ತಿಗೆಗೆ ಬಾಯಿ ಹಾಕುವುದು ಬೆಕ್ಕಿಗೆ ಕ್ಷೇಮ. ಮನೆಗೇಕೆ ತಂದಿತು? ನಿಮಗೆ ಉಡುಗೊರೆ ಅಂತ ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನನಗೆ ಅಷ್ಟು ನಂಬಿಕೆ ಇಲ್ಲ. ನೆಮ್ಮದಿಯಾಗಿ ಕೂರಲು ಅದಕ್ಕೆ ಗೊತ್ತಿರುವ ಜಾಗ ನಿಮ್ಮ ಮನೆ, ಅದಕ್ಕೇ ತಂದಿರಬಹುದು.

ಇದನ್ನೆಲ್ಲ ಓದಿದ ಮೇಲೂ ಬೆಳ್ಳಿ ತೊಡೆ ಏರಿದಾಗ ಮೈ ಜುಮ್ಮೆನ್ನಬಹುದು. ಕಾರಣ ತಿಳಿದ ತಕ್ಷಣ ಭಾವನೆ ಹೋಗಿಬಿಡಬೇಕು ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಇಲ್ಲಿ ಒಂದು ಮಾತನ್ನು ನಾನು ಒಪ್ಪುವುದಿಲ್ಲ: "ಅದು ಪ್ರಕೃತಿ, ಬಿಡಿ." ಬೆಳ್ಳಿಗೆ ಸಂಬಂಧಿಸಿ ಇದು ಸರಿ, ಅದರದ್ದೇನೂ ತಪ್ಪಿಲ್ಲ. ಹಕ್ಕಿಗಳಿಗೆ ಸಂಬಂಧಿಸಿ ಮಾತ್ರ ಇದು ಅರ್ಧ ಸತ್ಯ. ಕಾಡಿನ ಬೇಟೆಗಾರ ಪ್ರಾಣಿಯ ಸಂಖ್ಯೆ ಬೇಟೆ ಸಿಗುವಷ್ಟಕ್ಕೇ ಸೀಮಿತ. ನಾವು ತಟ್ಟೆಯಲ್ಲಿ ಊಟ ಹಾಕಿ ಸಾಕುವ ಬೆಕ್ಕುಗಳಿಗೆ ಆ ಮಿತಿ ಇಲ್ಲ. ಅಮೆರಿಕದಲ್ಲಿ ಬೆಕ್ಕುಗಳಿಂದ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳು ಸಾಯುತ್ತವೆ ಎಂದು 2013ರ ಅಧ್ಯಯನವೊಂದು ಅಂದಾಜು ಮಾಡಿತು. ಅದರಲ್ಲಿ ದೊಡ್ಡ ಪಾಲು ಯಾರೂ ಸಾಕದ ಬೆಕ್ಕುಗಳದ್ದು, ನಿಜ. ಆದರೂ ಸಾಕಿದ ಬೆಕ್ಕುಗಳ ಪಾಲೂ ಸಣ್ಣದಲ್ಲ. ನಿಮಗೆ ಈಗ ಇದನ್ನು ಹೇಳಬೇಕಾ ಅಂತ ಸ್ವಲ್ಪ ಯೋಚಿಸಿದೆ. ಹೇಳುವುದೇ ಸರಿ ಅನ್ನಿಸಿತು. ಯಾಕೆಂದರೆ ನಿಮ್ಮ ತಪ್ಪಿತಸ್ಥ ಭಾವ ಪೂರ್ತಿ ಹುಸಿಯಲ್ಲ. ಅದರ ಒಂದು ತುದಿ ನಿಜವಾದ ವಿಷಯಕ್ಕೇ ತಾಗಿದೆ, ಮತ್ತು ಅಲ್ಲಿ ಮಾಡಬಹುದಾದ ಕೆಲಸ ಇದೆ.

ಆ ಕೆಲಸದ ಬಗ್ಗೆ ಒಳ್ಳೆಯ ಮಾಹಿತಿಯೂ ಇದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಬೇಟೆಯಾಡುವ 355 ಸಾಕು ಬೆಕ್ಕುಗಳ ಮೇಲೆ 12 ವಾರ ಪ್ರಯೋಗ ಮಾಡಿ, 2021ರಲ್ಲಿ ಪ್ರಕಟಿಸಿದರು. ದಿನಕ್ಕೆ ಐದರಿಂದ ಹತ್ತು ನಿಮಿಷ ಮಾಲೀಕರು ಜೊತೆಗೆ ಆಡಿದ ಬೆಕ್ಕುಗಳು ಮನೆಗೆ ತಂದ ಬೇಟೆ ಶೇ 25ರಷ್ಟು ಇಳಿಯಿತು. ಧಾನ್ಯ ಇಲ್ಲದ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಶೇ 36ರಷ್ಟು ಇಳಿಯಿತು. ಕುತ್ತಿಗೆಗೆ ಕಣ್ಣು ಕುಕ್ಕುವ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿದಾಗ ಹಕ್ಕಿಗಳ ಬೇಟೆ ಶೇ 42ರಷ್ಟು ಕಡಿಮೆಯಾಯಿತು. ಹಕ್ಕಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ದೂರದಿಂದಲೇ ಎಚ್ಚರವಾಗುತ್ತದೆ. ಇಲಿಗಳಿಗೆ ಈ ಪಟ್ಟಿಯಿಂದ ಏನೂ ಪ್ರಯೋಜನ ಆಗಲಿಲ್ಲ. ಎಲ್ಲರೂ ಕಟ್ಟುವ ಗೆಜ್ಜೆ? ಅದರಿಂದ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಟಿಕೆಯೊಳಗೆ ತಿಂಡಿ ಇಟ್ಟು, ಬೆಕ್ಕೇ ಬಿಡಿಸಿಕೊಂಡು ತಿನ್ನುವ ಉಪಕರಣ ಕೊಟ್ಟಾಗಲಂತೂ ಬೇಟೆ ಶೇ 33ರಷ್ಟು ಏರಿತು. ತಿಂಡಿ ಸರಿಯಾಗಿ ಸಿಗದೆ ಬೆಕ್ಕುಗಳು ಹಸಿದಿರಬಹುದು, ರೇಗಿರಬಹುದು ಅಂತ ಸಂಶೋಧಕರ ಊಹೆ.

ಪಟ್ಟಿ ಕಟ್ಟುವುದಾದರೆ ಎಲ್ಲಾದರೂ ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವಂಥದ್ದನ್ನೇ ಕಟ್ಟಿ. ಊಟ ಬದಲಿಸುವ ಮುಂಚೆ ಪಶುವೈದ್ಯರನ್ನು ಒಂದು ಮಾತು ಕೇಳಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬಾಗಿಲು. ಬೆಳಗಿನ ಜಾವ ಮತ್ತು ಸಂಜೆ ಬೆಕ್ಕಿಗೆ ಚುರುಕು ಜಾಸ್ತಿ, ಹಕ್ಕಿಗಳೂ ಆಗಲೇ ನೆಲಕ್ಕಿಳಿದು ಮೇಯುವುದು. ಆ ಎರಡು ಹೊತ್ತು ಬೆಳ್ಳಿ ಒಳಗಿರಲಿ. ಮರಿಗಳು ಗೂಡಿನಿಂದ ಹೊರಗೆ ಬೀಳುವ ದಿನಗಳಲ್ಲಿ ಇಡೀ ದಿನ ಒಳಗಿರಲಿ. ಪೂರ್ತಿ ಒಳಗೇ ಸಾಕಲು ಆದರೆ ಇನ್ನೂ ಒಳ್ಳೆಯದು. ವಾಹನ, ಜಗಳ, ಕಾಯಿಲೆ ಎಲ್ಲದರಿಂದ ಅದಕ್ಕೂ ರಕ್ಷಣೆ. ಹಕ್ಕಿ ತಿಂದ ಬೆಕ್ಕಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಬರಬಹುದು, ಹಕ್ಕಿಜ್ವರ ಹರಡಿರುವ ಸಮಯದಲ್ಲಿ ಅದೂ ತಗಲಬಹುದು. ಮೊದಲ ಕೆಲವು ದಿನ ಬಾಗಿಲ ಬಳಿ ಕೂತು ಅರಚುತ್ತದೆ. ಕೇಳಿಸಿಕೊಳ್ಳಲು ಕಷ್ಟ, ಆದರೆ ಸೋಲಬೇಡಿ. ಒಂದು ಸಲ ಸೋತರೆ ಅರಚಿದರೆ ಬಾಗಿಲು ತೆರೆಯುತ್ತದೆ ಅಂತ ಅದು ಕಲಿಯುತ್ತದೆ.

ಒಳಗಿದ್ದ ಬೆಕ್ಕು ಕಿಟಕಿಯಲ್ಲಿ ಕೂತು ಹಕ್ಕಿ ನೋಡುತ್ತಾ ಹಲ್ಲು ಕಟಕಟಿಸುವುದನ್ನು ನೋಡಿರುತ್ತೀರಿ. ಹೆಚ್ಚಿನ ಬೆಕ್ಕುಗಳಿಗೆ ಕಿಟಕಿ ಒಳ್ಳೆಯ ಕಾಲಕ್ಷೇಪ. ಆದರೆ ಬಾಲ ಬಡಿಯುತ್ತಾ, ಕಿವಿ ಹಿಂದಕ್ಕೆ ಮಲಗಿಸಿ ತುಂಬ ಉದ್ರೇಕದಲ್ಲಿದ್ದರೆ ಆಗ ಮುಟ್ಟಲು ಹೋಗಬೇಡಿ. ಹಕ್ಕಿಯ ಮೇಲಿನ ಆವೇಶ ಹತ್ತಿರ ಬಂದವರ ಕೈ ಮೇಲೆ ತಿರುಗುವುದುಂಟು. ಮಗಳಿಗೂ ಹೇಳಿಡಿ. ಆಟದ ವಿಷಯದಲ್ಲಿ ಒಂದು ಕಿವಿಮಾತು: ಕೋಲಿಗೆ ಕಟ್ಟಿದ ಗರಿ ಅಥವಾ ದಾರ ಹಿಡಿದು ಆಡಿಸಿ, ಕೊನೆಗೆ ಅದರ ಕೈಗೆ ಸಿಗಲು ಬಿಡಿ, ತಕ್ಷಣ ಊಟ ಕೊಡಿ. ಹೊಂಚು, ಓಟ, ಹಿಡಿತ, ಊಟ ಇಷ್ಟೂ ಆದರೆ ಅದಕ್ಕೆ ತೃಪ್ತಿ. ಲೇಸರ್ ದೀಪದ ಚುಕ್ಕಿ ಎಂದೂ ಕೈಗೆ ಸಿಗುವುದಿಲ್ಲ, ಬರೀ ಅದರಲ್ಲೇ ಆಡಿಸಿದರೆ ಸಿಟ್ಟೇ ಉಳಿಯುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಅಪಾಯ.

ಮತ್ತೊಮ್ಮೆ ಹಕ್ಕಿ ಹಿಡಿದು ತಂದರೆ ಏನು ಮಾಡಬೇಕು? ಬೆಕ್ಕನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿ. ಹಕ್ಕಿಯನ್ನು ಬಟ್ಟೆಯಿಂದ ಮೆತ್ತಗೆ ಹಿಡಿದು, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಮುಚ್ಚಿ. ಕತ್ತಲೆ, ಮೌನ, ಸ್ವಲ್ಪ ಬೆಚ್ಚಗೆ, ಅಷ್ಟೇ ಸಾಕು. ನೀರು, ಆಹಾರ ಏನೂ ಬಾಯಿಗೆ ಹಾಕಬಾರದು, ಶ್ವಾಸನಾಳಕ್ಕೆ ಹೋಗಬಹುದು. ಗಾಯ ಕಾಣದಿದ್ದರೂ ಆದಷ್ಟು ಬೇಗ ಪಶುವೈದ್ಯರ ಹತ್ತಿರ ಅಥವಾ ಹಕ್ಕಿಗಳನ್ನು ಆರೈಕೆ ಮಾಡುವ ಕೇಂದ್ರಕ್ಕೆ ಒಯ್ಯಬೇಕು. ಬೆಕ್ಕಿನ ಹಲ್ಲು ಸೂಜಿಯಷ್ಟು ಚೂಪು, ರಂಧ್ರ ಗರಿಯೊಳಗೆ ಮುಚ್ಚಿಹೋಗುತ್ತದೆ. ಅದರ ಬಾಯಲ್ಲಿ ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಆಂಟಿಬಯೋಟಿಕ್ ಸಿಗದಿದ್ದರೆ ಹಕ್ಕಿ ಒಂದೆರಡು ದಿನದಲ್ಲೇ ಸಾಯಬಹುದು. ನಿಮ್ಮ ಮರಿಗೂ ಹಾಗೇ ಆಗಿರುವ ಸಾಧ್ಯತೆ ಇದೆ. "ನಾನು ನೀರು ಕುಡಿಸಿದೆನಲ್ಲಾ" ಅಂತ ಈಗ ಹೊಸದಾಗಿ ಕೊರಗಬೇಡಿ. ಬಾಯಾರಿದ ಜೀವಕ್ಕೆ ನೀರು ಕೊಡುವುದು ಯಾರಿಗಾದರೂ ಮೊದಲು ತೋಚುವ ಕೆಲಸ. ಹಕ್ಕಿಯನ್ನು ಮುಟ್ಟಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ.

ಗರಿ ಬಂದು, ಗಿಡ್ಡ ಬಾಲ ಇಟ್ಟುಕೊಂಡು ನೆಲದಲ್ಲಿ ಕುಪ್ಪಳಿಸುವ ಮರಿ ಕಂಡರೆ, ಬೆಕ್ಕು ಅದನ್ನು ಮುಟ್ಟಿಲ್ಲವಾದರೆ, ಮನೆಗೆ ತರಬೇಡಿ. ಅದು ಹಾರಲು ಕಲಿಯುತ್ತಿದೆ, ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ. ಪೊದೆಯ ಮೇಲೆ ಎತ್ತಿಟ್ಟು ಬೆಕ್ಕನ್ನು ಒಳಗೆ ಹಾಕಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನುವುದು ಸುಳ್ಳು.

ಬೆಳ್ಳಿಗೆ ಹೊಡೆದದ್ದು. ಅದಕ್ಕೆ ಹಕ್ಕಿಗೂ ಏಟಿಗೂ ಸಂಬಂಧ ತಿಳಿದಿರುವುದಿಲ್ಲ. ಬೇಟೆ ಹಿಡಿದು ಬಂದೆ, ಇವರು ಇದ್ದಕ್ಕಿದ್ದಂತೆ ಕಿರುಚಿ ಹೊಡೆದರು, ಇಷ್ಟೇ ಅದರ ಲೆಕ್ಕ. ಹಾಗಾಗಿ ಹೊಡೆತದಿಂದ ಬೇಟೆ ನಿಲ್ಲುವುದಿಲ್ಲ, ನಿಮ್ಮ ಮೇಲಿನ ನಂಬಿಕೆ ಮಾತ್ರ ಕಡಿಮೆಯಾಗುತ್ತದೆ. ಆದರೂ ಅದು ಮತ್ತೆ ತೊಡೆ ಏರಲು ಬರುತ್ತಿದೆ ಅಂದರೆ ಹೆಚ್ಚೇನೂ ಕೆಟ್ಟಿಲ್ಲ. ನಿಮ್ಮ ಮೈ ಇನ್ನೂ ಒಪ್ಪದಿದ್ದರೆ ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಕು ಅಂತಿಲ್ಲ. ತಳ್ಳುವ ಬದಲು ಎದ್ದು ನಿಂತುಬಿಡಿ, ಅದೇ ಇಳಿಯುತ್ತದೆ. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು, ಅದನ್ನು ನೋಡುತ್ತಾ ನಿಧಾನಕ್ಕೆ ಕಣ್ಣು ಅರೆ ಮುಚ್ಚಿ ತೆರೆಯಿರಿ. ಹೀಗೆ ಮಾಡಿದ ಜನರ ಹತ್ತಿರ ಬೆಕ್ಕುಗಳು ಹೆಚ್ಚು ಬರುತ್ತವೆ ಅಂತ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದರು. ಸಂಜೆಯ ಆಟವೂ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕೋಲಿನ ಉದ್ದದಷ್ಟು ಅಂತರ ಇಟ್ಟುಕೊಂಡೇ ಮತ್ತೆ ಸ್ನೇಹ ಮಾಡಬಹುದು, ಅಲ್ವಾ?

ಕೆಲಸದ ನಡುವೆ ಬರುವ ಕಣ್ಣೀರಿನ ಬಗ್ಗೆ ಹೇಳುತ್ತೇನೆ. ನೀವು ಬಹುಶಃ ಹಗಲೆಲ್ಲ ಅದನ್ನು ಅದುಮಿಟ್ಟುಕೊಳ್ಳುತ್ತಿದ್ದೀರಿ. ಭಾವನೆಗಳ ಮೇಲೆ ದೀರ್ಘಕಾಲ ಕೆಲಸ ಮಾಡಿರುವ ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳಲ್ಲಿ, ಮುಖದಲ್ಲಿ ಏನೂ ತೋರಿಸದೆ ಅದುಮಿಟ್ಟವರಿಗೆ ಒಳಗಿನ ನೋವು ಕಡಿಮೆಯಾಗಲಿಲ್ಲ. ಆ ಹೊತ್ತಿನಲ್ಲಿ ನೋಡಿದ್ದು, ಕೇಳಿದ್ದು ನೆನಪಿನಲ್ಲಿ ಉಳಿಯುವುದೂ ಕಡಿಮೆಯಾಯಿತು. ಆ ದೃಶ್ಯ ನೆನಪಾಗಲೇಬಾರದು ಅಂತ ಹಟ ಹಿಡಿದರೂ ಫಲ ಇಲ್ಲ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರ ಪ್ರಯೋಗದಲ್ಲಿ ಜನರಿಗೆ ಹೇಳಿದಾಗ, ಅವರ ತಲೆಗೆ ಮತ್ತೆ ಮತ್ತೆ ಬಂದದ್ದು ಅದೇ ಕರಡಿ.

ಹಾಗಂತ ದಿನವಿಡೀ ಅದನ್ನೇ ಮೆಲುಕು ಹಾಕುವುದೂ ಬೇಡ. "ಬಾಗಿಲು ಯಾಕೆ ತೆರೆದಿಟ್ಟೆ, ಇನ್ನೊಂದು ನಿಮಿಷ ಮೊದಲು ನೋಡಿದ್ದರೆ" ಅಂತ ಒಂದೇ ಪ್ರಶ್ನೆ ಸುತ್ತುತ್ತಿದ್ದರೆ ಅದು ಯೋಚನೆಯ ವೇಷ ಹಾಕಿದ ಕೊರಗು. ಉತ್ತರ ಬಂದರೂ ಅದಕ್ಕೆ ಬೇಡ. ಸಂಜೆ ಇಂತಿಷ್ಟು ಹೊತ್ತಿಗೆ ಕಾಲು ಗಂಟೆ ಇದಕ್ಕೇ ಕೊಡುತ್ತೇನೆ ಅಂತ ಗೊತ್ತು ಮಾಡಿಕೊಳ್ಳಿ. ಹಗಲು ಬಂದಾಗ "ಸಂಜೆ ನೋಡೋಣ" ಅಂದುಕೊಂಡು ಕೈಯಲ್ಲಿರುವ ಕೆಲಸಕ್ಕೆ ಮರಳಿ. ಆದರೂ ಕಣ್ಣು ತುಂಬಿದರೆ, ಎದ್ದುಹೋಗಿ ಮುಖ ತೊಳೆದು, ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನಕ್ಕೆ ಹೊರಗೆ ಬಿಡಿ. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ.

ಮರಿ ಸತ್ತದ್ದು ಬೇರೆ ಯಾವುದನ್ನಾದರೂ ಕೆದಕಿತೇ ಅಂತಲೂ ನೋಡಿಕೊಳ್ಳಿ. ಆರೈಕೆ ಮಾಡಿಯೂ ಉಳಿಸಿಕೊಳ್ಳಲಾಗದ ಇನ್ಯಾರೋ ಇದ್ದರೇ? ಕೆಲವೊಮ್ಮೆ ಅಳು ಅಲ್ಲಿಂದಲೂ ಬಂದಿರುತ್ತದೆ. ಇಲ್ಲದಿದ್ದರೆ ಇಲ್ಲ, ಸುಮ್ನೆ ಹುಡುಕಿಕೊಂಡು ಹೋಗಬೇಡಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಆಗ ಕಾಯಬೇಡಿ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೇರವಾಗಿ ಕಾಣಿ. ಬದುಕೇ ಬೇಡ ಅನ್ನುವ ಯೋಚನೆ ಬಂದರಂತೂ ಎರಡು ವಾರದ ಲೆಕ್ಕ ಇಡಬೇಡಿ, ಅವತ್ತೇ ಹೋಗಿ.

ಮನೆಯವರಿಗೆ ಭಾಷಣ ಬೇಡ. "ನೀವು ನಕ್ಕಾಗ ನನಗೆ ಹೇಳಿಕೊಳ್ಳೋಕೆ ಯಾರೂ ಇಲ್ಲ ಅನ್ನಿಸಿತು" ಅಂತ ಒಂದು ವಾಕ್ಯ ಸಾಕು. ಅವರು ಗಾಬರಿಯಿಂದಲೂ ನಕ್ಕಿರಬಹುದು. ಅಳುವವರ ಎದುರು ಏನು ಮಾಡಬೇಕು ಅಂತ ತಿಳಿಯದೆ ನಗುವವರು ಎಷ್ಟೋ ಜನ ಇದ್ದಾರೆ.

ಮಗಳ ಹತ್ತಿರ ಮರಿ "ಹಾರಿಹೋಯಿತು", "ಮಲಗಿದೆ" ಅಂತ ಹೇಳಬೇಡಿ. ಎಂಟು ವರ್ಷದವಳಿಗೆ ಸಾವು ಅಂದರೆ ತಿರುಗಿ ಬರುವುದಿಲ್ಲ ಅಂತ ಗೊತ್ತಾಗುತ್ತದೆ. ಸತ್ತಿತು ಅಂತಲೇ ಹೇಳಿ. ನೀವು ಅತ್ತದ್ದನ್ನು ನೋಡಿದ್ದಾಳೆ, ಹೊಡೆದದ್ದನ್ನೂ ನೋಡಿದ್ದಾಳೆ. ಅದನ್ನೂ ಬಾಯಿ ಬಿಟ್ಟು ಹೇಳಿ: "ನನಗೆ ತುಂಬ ಗಾಬರಿಯಾಗಿತ್ತು, ಹೊಡೆದುಬಿಟ್ಟೆ. ಬೆಳ್ಳಿಗೆ ಹೊಡೆಯಬಾರದಿತ್ತು." ಬೆಳ್ಳಿ ಕೆಟ್ಟದ್ದಾ ಅಂತ ಕೇಳಿಯೇ ಕೇಳುತ್ತಾಳೆ. ಬೆಕ್ಕಿಗೆ ಹಾಗೆಲ್ಲ ಯೋಚಿಸಲು ಬರುವುದಿಲ್ಲ, ನಮಗೆ ಬರುತ್ತದೆ, ಅದಕ್ಕೇ ಬಾಗಿಲು ಹಾಕುವ ಕೆಲಸ ನಮ್ಮದು ಅನ್ನಿ. ಸಂಜೆ ಗರಿಕೋಲು ಹಿಡಿದು ಆಡಿಸುವ ಜವಾಬ್ದಾರಿ ಬೇಕಾದರೆ ಅವಳಿಗೇ ಕೊಡಿ, ಖುಷಿಯಿಂದ ಒಪ್ಪುತ್ತಾಳೆ. ನಾಲ್ಕು ದಿನ ಕಳೆದ ಮೇಲೆ ಆ ಕೋಲು ನಿಮ್ಮ ಕೈಗೇ ಬರುತ್ತದೆ, ಅದಕ್ಕೂ ಸಿದ್ಧರಾಗಿರಿ.